ಇಳಿಯಲು ಏಳೇ ನಿಮಿಷ

ನೀಲಗಿರಿಯ ಪುಟ್ಟ ರೈಲು ಓಡುವ ಹಳಿಯ ಮೇಲೆ ಪ್ರವಾಸಿಗರ ಒಂದು ಗುಂಪು ನಡೆದು ಹೋಗುತ್ತಿತ್ತು. 2021ರ ಡಿಸೆಂಬರ್ 8ರ ಮಧ್ಯಾಹ್ನ. ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದು ಕೇಳಿ ಎಲ್ಲರೂ ಕತ್ತೆತ್ತಿದರು. ಅದು ಕ್ಷಣಮಾತ್ರ ಕಂಡು ಮಂಜಿನೊಳಗೆ ಮರೆಯಾಯಿತು. ಮರುಗಳಿಗೆಯಲ್ಲೇ ಸದ್ದೂ ನಿಂತಿತು. ಏನಾಯಿತೆಂದು ಅವರು ಒಬ್ಬರನ್ನೊಬ್ಬರು ಕೇಳಿಕೊಂಡದ್ದು ಮೊಬೈಲಿನಲ್ಲಿ ದಾಖಲಾಯಿತು.

ಕೊಯಮತ್ತೂರಿನ ಬಳಿಯ ಸೂಲೂರು ವಾಯುನೆಲೆಯಿಂದ ಬೆಳಿಗ್ಗೆ 11.48ಕ್ಕೆ ಹೊರಟಿದ್ದ ಆ ಎಂಐ-17ವಿ5 ಹೆಲಿಕಾಪ್ಟರ್, ಕೂನೂರಿನ ಪಕ್ಕದ ವೆಲಿಂಗ್ಟನ್‌ನಲ್ಲಿ 12.15ಕ್ಕೆ ಇಳಿಯಬೇಕಿತ್ತು. 12.08ರ ಸುಮಾರಿಗೆ ಸಂಪರ್ಕ ಕಡಿಯಿತು. ಇಳಿಯಲು ಉಳಿದದ್ದು ಏಳೇ ನಿಮಿಷ! ಅದರಲ್ಲಿದ್ದವರು 14 ಮಂದಿ. ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಮಧುಲಿಕಾ ಸೇರಿ 13 ಮಂದಿ ಅಂದೇ ತೀರಿಕೊಂಡರು. ಉಳಿದವರು ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಬ್ಬರೇ. 2020ರಲ್ಲಿ ನಿಯಂತ್ರಣ ವ್ಯವಸ್ಥೆ ಕೈಕೊಟ್ಟ ತೇಜಸ್ ವಿಮಾನವನ್ನು ಸುರಕ್ಷಿತವಾಗಿ ಇಳಿಸಿ ಶೌರ್ಯಚಕ್ರ ಪಡೆದಿದ್ದವರು. ಈ ಸಲ ಅವರು ಪ್ರಯಾಣಿಕರಾಗಿದ್ದರು. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ರಂದು ಅವರೂ ಕೊನೆಯುಸಿರೆಳೆದರು.

ಕಾರಣವೇನು? ಬಾಂಬ್ ಇತ್ತೇ? ಎಂಜಿನ್ ನಿಂತಿತೇ? ಬಾಲದ ಪಂಖ ಮುರಿಯಿತೇ? ಊರೂರಿನ ಹೋಟೆಲುಗಳಲ್ಲಿ ಕಾಫಿಯ ಜೊತೆ ಇದೇ ಚರ್ಚೆ. ಮೂರೂ ಸೇನಾಪಡೆಗಳ ಜಂಟಿ ತನಿಖಾ ನ್ಯಾಯಾಲಯದ ಪ್ರಾಥಮಿಕ ನಿರ್ಣಯ 2022ರ ಜನವರಿಯಲ್ಲಿ ಬಂತು. ವಿಧ್ವಂಸಕ ಕೃತ್ಯವಲ್ಲ, ಯಂತ್ರದೋಷವಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡ ಹೊಕ್ಕಿತು. ಪೈಲಟ್‌ಗೆ ದಿಗ್ಭ್ರಮೆಯಾಗಿ ಅದು ನೆಲಕ್ಕೆ ಅಪ್ಪಳಿಸಿತು. 2024ರ ಡಿಸೆಂಬರಿನಲ್ಲಿ ಸಂಸದೀಯ ಸಮಿತಿಯ ವರದಿಯೊಂದು ಇದೇ ಅಪಘಾತದ ಕಾರಣವನ್ನು ಚುಟುಕಾಗಿ ‘ಮಾನವ ದೋಷ’ ಎಂದು ನಮೂದಿಸಿತು. ಎರಡೇ ಪದ. ಓದಿದವರು ‘ಓಹೋ, ಪೈಲಟ್‌ನದೇ ತಪ್ಪು’ ಎಂದು ಪುಟ ತಿರುಗಿಸಿದರು. ಆ ಎರಡು ಪದಗಳ ಒಳಗೆ ಏನಿದೆ ಎಂದು ನೋಡುವುದು ಸತ್ತವರಿಗೂ ನ್ಯಾಯ, ಇನ್ನು ಹಾರುವವರಿಗೂ ಒಳಿತು.

ಎತ್ತರ ಮತ್ತು ವೇಗ ಪೈಲಟ್‌ನ ಆಪತ್ಕಾಲದ ಗಂಟು. ಸಾಕಷ್ಟು ಎತ್ತರದಲ್ಲಿ ಎಂಜಿನ್ ನಿಂತರೂ, ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ. ಜಾಗ ಸಿಕ್ಕರೆ ಮೆಲ್ಲಗೆ ಇಳಿಯಬಹುದು. ಆದರೆ ಇಳಿಯುವ ಹೊತ್ತಿನಲ್ಲಿ ಗಂಟು ಕರಗುತ್ತಾ ಬರುತ್ತದೆ. ವೇಗ ತೀರಾ ತಗ್ಗಿದಾಗ ಹೆಲಿಕಾಪ್ಟರಿಗೆ ಬೇಕಾಗುವ ಶಕ್ತಿ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮುಂದಕ್ಕೆ ಸಾಗದೆ ನೆಟ್ಟಗೆ ಬೇಗಬೇಗನೆ ಇಳಿದರೆ, ರೆಕ್ಕೆಗಳು ತಾವೇ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಶಕ್ತಿ ಹೆಚ್ಚಿಸಿದಷ್ಟೂ ಸುಳಿ ಬಲವಾಗುತ್ತದೆ.

ಸ್ಕಾಟ್ಲೆಂಡಿನ ಶೆಟ್‌ಲೆಂಡ್ ದ್ವೀಪದಲ್ಲಿ 2013ರ ಆಗಸ್ಟ್ 23ರಂದು ನಡೆದದ್ದನ್ನು ನೋಡಿ. ಸಮುದ್ರದ ತೈಲಬಾವಿಯಿಂದ ಬರುತ್ತಿದ್ದ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಸಂಬರೊ ನಿಲ್ದಾಣದಲ್ಲಿ ಇಳಿಯುವ ಮುನ್ನ ನೀರಿಗೆ ಬಿತ್ತು. 18 ಮಂದಿಯಲ್ಲಿ ನಾಲ್ವರು ಸತ್ತರು. ಅಲ್ಲಿ ಬೆಟ್ಟವಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಮೋಡದಲ್ಲಿ ಇಳಿಯುವಾಗ ವೇಗ ಕುಸಿಯುತ್ತಿದ್ದುದು ಸಕಾಲದಲ್ಲಿ ಪೈಲಟ್‌ಗಳ ಗಮನಕ್ಕೆ ಬರಲಿಲ್ಲ. ಗಮನಕ್ಕೆ ಬರುವ ಹೊತ್ತಿಗೆ ಚೇತರಿಸಿಕೊಳ್ಳಲು ಎತ್ತರ ಉಳಿದಿರಲಿಲ್ಲ.

ಕೂನೂರಿನಲ್ಲಿ ಬೆಟ್ಟವೂ ಇತ್ತು, ಮೋಡವೂ ಇತ್ತು. ಆ ಊರು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಬಯಲಿನ ಗಾಳಿ ಇಳಿಜಾರನ್ನು ಹತ್ತುವಾಗ ಹಿಗ್ಗಿ ತಣ್ಣಗಾಗುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಷ್ಟು. ಅದರಲ್ಲಿನ ನೀರಾವಿ ಹನಿಗಟ್ಟಿ ಮೋಡವಾಗುತ್ತದೆ. ಕೆಳಗಿನವರಿಗೆ ಅದು ಬೆಟ್ಟದ ತಲೆಯ ಮೇಲಿನ ಮೋಡ. ಅಲ್ಲಿ ನಿಂತವರಿಗೆ ಕಣ್ಣು ಕಟ್ಟುವ ಮಂಜು. ಶಿರಾಡಿಯಲ್ಲೋ ಆಗುಂಬೆಯಲ್ಲೋ ಮಳೆಗಾಲದ ಮುಂಜಾನೆ ಬಸ್ಸಿನಲ್ಲಿ ಬಂದವರಿಗೆ ಇದು ಗೊತ್ತು. ಬಸ್ಸಿನ ಚಾಲಕ ಬ್ರೇಕ್ ಒತ್ತಿ ನಿಲ್ಲಬಹುದು. ಮೋಡದೊಳಗಿನ ಪೈಲಟ್ ಏನು ಮಾಡಬೇಕು?

ಕಣ್ಣು ಸೋತಾಗ ದೇಹ ಕಿವಿಯನ್ನು ನಂಬುತ್ತದೆ. ಒಳಗಿವಿಯಲ್ಲಿ ಮೂರು ಅರೆವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದರೆ ದ್ರವ ಹಿಂದುಳಿಯುತ್ತದೆ. ಆ ವ್ಯತ್ಯಾಸವೇ ಮಿದುಳಿಗೆ ಸುದ್ದಿ. ಆದರೆ ಒಂದೇ ಸಮನೆ ತಿರುಗುತ್ತಿದ್ದರೆ 10-20 ಸೆಕೆಂಡುಗಳಲ್ಲಿ ದ್ರವವೂ ಅದೇ ವೇಗಕ್ಕೆ ಹೊಂದಿಕೊಂಡು ಸುದ್ದಿ ನಿಂತುಹೋಗುತ್ತದೆ. ಆಮೇಲೆ ತಿರುಗುವುದನ್ನು ನಿಲ್ಲಿಸಿದರೆ, ಉಲ್ಟಾ ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಕೈಕೈ ಹಿಡಿದು ಅಪ್ಪಾಲೆ ತಿಪ್ಪಾಲೆ ಆಡಿದ ಮಕ್ಕಳು ನಿಂತೊಡನೆ ಅಂಗಳವೇ ತಿರುಗುವುದು ಇದರಿಂದಲೇ. ಅಂಗಳದಲ್ಲಾದರೆ ನಗು, ಮೋಡದಲ್ಲಾದರೆ ಸಾವು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಸೇರಿ ಒಂಬತ್ತು ಮಂದಿ 2020ರ ಜನವರಿ 26ರಂದು ಲಾಸ್ ಏಂಜಲಿಸ್ ಹತ್ತಿರದ ಗುಡ್ಡದಲ್ಲಿ ಸತ್ತದ್ದೂ ಹೀಗೆಯೇ. ಮೇಲೇರುತ್ತಿದ್ದೇನೆಂದು ಪೈಲಟ್ ರೇಡಿಯೋದಲ್ಲಿ ಹೇಳುತ್ತಿದ್ದಾಗ ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗಿಳಿಯುತ್ತಿತ್ತು. ಆತ ಸುಳ್ಳು ಹೇಳಲಿಲ್ಲ. ಅವನ ಕಿವಿ ಅವನಿಗೆ ಸುಳ್ಳು ಹೇಳಿತ್ತು. ಹೇಗಾದರೂ ತಲುಪಿಸಬೇಕೆಂದು ತನ್ನ ಮೇಲೆ ತಾನೇ ಹೇರಿಕೊಂಡ ಒತ್ತಡವೂ ಕಾರಣಗಳಲ್ಲಿ ಒಂದೆಂದು ತನಿಖೆ ಗುರುತಿಸಿತು.

ಆದ್ದರಿಂದ ‘ಮಾನವ ದೋಷ’ ಎಂದರೆ ಯಾರೋ ಒಬ್ಬರ ಅಜಾಗರೂಕತೆಯೇ ಆಗಬೇಕಿಲ್ಲ. ನೆಲದ ಮೇಲೆ ನಡೆಯಲೆಂದು ರೂಪುಗೊಂಡ ಮನುಷ್ಯನ ದೇಹದ ಮಿತಿಯೂ ಅದರೊಳಗಿದೆ. ಅನುಭವ ಆ ಮಿತಿಯನ್ನು ಅಳಿಸುವುದಿಲ್ಲ. ಒಳಗಿವಿಗೆ ಪದವಿ, ಪದಕ ತಿಳಿಯದು. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ಈ ಭ್ರಮೆಯನ್ನು ಬೇಕೆಂದೇ ಉಂಟುಮಾಡಿ ತೋರಿಸುತ್ತಾರೆ. ಅಲ್ಲಿ ಕಲಿಯುವ ಪಾಠ ಒಂದೇ: ದೇಹ ಏನೇ ಹೇಳಲಿ, ಉಪಕರಣವನ್ನು ನಂಬು.

ನೆಲದ ಮೇಲಿರುವವರಿಗೂ ಒಂದು ಪಾಠವಿದೆ. ಮಂಜು ಕವಿಯುವುದನ್ನು ಕಂಡು ಹಿಂದಿರುಗುವ ಪೈಲಟ್ ಹೇಡಿಯಲ್ಲ. ಹಾರ ಹಿಡಿದು ಕಾದು ನಿಂತವರು ಗೊಣಗದೆ ಆ ಹಾರವನ್ನು ಮರುದಿನಕ್ಕೆ ಎತ್ತಿಡಬೇಕು. ಹಾರ ಬಾಡಿದರೆ ಇನ್ನೊಂದು ಕಟ್ಟಿಸಬಹುದು.