ಕೌದಿಯ ಹೊಟ್ಟೆ ಉಬ್ಬಿದಾಗ

ಕೌದಿ ಇಲ್ಲದ ಮನೆ ನಮ್ಮ ಕಡೆ ಇದ್ದೀತೇ? ಹಳೆಯ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಲಂಗ, ಎಲ್ಲವೂ ಕೊನೆಗೆ ಬಂದು ಸೇರುವುದು ಕೌದಿಗೇ. ಒಂದು ಕಾಲಕ್ಕೆ ನಮ್ಮ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಹತ್ತಿ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋದರೂ ಟ್ರಂಕಿನ ತಳದಲ್ಲಿ ಹತ್ತಿ ಸೀರೆಗಳು ಇನ್ನೂ ಇವೆ. ಬದಲಾದದ್ದು ಹೊಲಿಯುವ ರೀತಿ. ತಿಂಗಳುಗಟ್ಟಲೆ ಕೈಹೊಲಿಗೆ ಹಾಕುವ ಪುರುಸೊತ್ತು ಈಗ ಯಾರಿಗಿದೆ ಹೇಳಿ? ಮಷಿನ್ ಮುಂದೆ ಕುಳಿತರೆ ಕೆಲವೇ ದಿನಗಳ ಕೆಲಸ.

ಆದರೆ ಮಷಿನ್ ಕೌದಿಗೆ ಒಂದು ಕಾಯಿಲೆ ಉಂಟು. ಗೆರೆ ಹೊಲಿಯುತ್ತ ಹೋದಂತೆ ಮೇಲಿನ ಬಟ್ಟೆ ಸಡಿಲವಾಗಿ, ಅಡ್ಡಗೆರೆ ಸಿಕ್ಕಿದಲ್ಲಿ ಪೂರಿಯ ಹಾಗೆ ಉಬ್ಬಿ ನಿಲ್ಲುತ್ತದೆ. ಕಳೆದ ಚಳಿಗಾಲದಲ್ಲಿ ಹರಿಹರದಿಂದ ನನ್ನ ತಂಗಿ ಇಂಥದೇ ಕೌದಿಯನ್ನು ಬಗಲಲ್ಲಿಟ್ಟುಕೊಂಡು ಬಂದಳು. ತೀರಿಕೊಂಡ ನಮ್ಮ ಅವ್ವನ ಐದು ಸೀರೆ ಅದರಲ್ಲಿ. ಮಗಳ ಬಾಣಂತನಕ್ಕೆಂದು ಹೊಲಿಯತೊಡಗಿದ್ದಳು. “ಅಕ್ಕಾ, ಬಿಚ್ಚಿದ್ರೆ ಅವ್ವನ ಸೀರೀನೇ ಹರೀತೈತಿ, ಹಂಗೇ ಬಿಟ್ರೆ ಬಾಣಂತಿ ಬೆನ್ನಿಗೆ ಒತ್ತತೈತಿ. ಏನ್ ಮಾಡ್ಲಿ?” ಎಂದಳು. ಅವ್ವನ ಸೀರೆ ಅಂಗಡಿಯಲ್ಲಿ ಮತ್ತೆ ಸಿಗುವುದಿಲ್ಲವಲ್ಲ!

ಮೊದಲು ಕಾರಣ ತಿಳಿಯೋಣ. ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ. ಮೇಲಿನ ಪಾದ ಮಾತ್ರ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಹೀಗಾಗಿ ಕೆಳಗಿನದು ಓಡುತ್ತದೆ, ಮೇಲಿನದು ಹಿಂದುಳಿಯುತ್ತದೆ. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಮಹಿಳೆಯರು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ಅದು ಕೈಹೊಲಿಗೆ. ಸೂಜಿ ಎಲ್ಲ ಪದರವನ್ನೂ ಒಟ್ಟಿಗೆ ಹಿಡಿಯುತ್ತದೆ, ಎಡಗೈ ಸವರಿ ಸರಿಮಾಡುತ್ತದೆ. ಮಷಿನ್ನಿನಲ್ಲಿ ಹಾಗೆ ಅಂಚಿನಿಂದ ಹೊರಟರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಸಿಕ್ಕಿಬೀಳುತ್ತದೆ. ಮಷಿನ್ನಿಗೆ ನಡುವಿನಿಂದ ಅಂಚಿಗೆ ಹೋಗುವುದೇ ಕ್ರಮ.

ಈಗಾಗಲೇ ಉಬ್ಬಿದ್ದರೆ? ಗಾಬರಿಯಾಗಬೇಡಿ, ಎಳೆದು ಸರಿಮಾಡಲೂ ಹೋಗಬೇಡಿ. ಸಣ್ಣ ಉಬ್ಬಾದರೆ ಹತ್ತಿ ಬಟ್ಟೆಯ ಮೇಲೆ ಒದ್ದೆ ಅರಿವೆ ಹಾಸಿ ಇಸ್ತ್ರಿ ಒತ್ತಿ; ಉಜ್ಜಬೇಡಿ. ಆಮೇಲೆ ಅಲ್ಲಿ ಕೈಯಿಂದ ಒತ್ತೊತ್ತಾಗಿ ಓಡುಹೊಲಿಗೆ ಹಾಕಿದರೆ ಕೂತುಬಿಡುತ್ತದೆ. ಪಾಲಿಯೆಸ್ಟರ್, ವಿಸ್ಕೋಸ್ ಸೀರೆಗೆ ಈ ಉಪಾಯ ಬೇಡ. ಒಂದು ಬಿಸಿಗೆ ಕರಗುತ್ತದೆ, ಇನ್ನೊಂದು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ.

ಇನ್ನೂ ಅಡ್ಡಗೆರೆ ಹೊಲಿದಿಲ್ಲ, ಬಟ್ಟೆ ಮಾತ್ರ ಸಡಿಲವಿದೆ ಎನ್ನಿ. ಆಗ ಹೆಚ್ಚಾದುದನ್ನು ಗುಂಡುಸೂಜಿಗಳ ನಡುವೆ ಸಮನಾಗಿ ಹಂಚಿ, ಕಚ್ಚಾ ಹೊಲಿಗೆ ಹಾಕಿ. ಗುಂಡುಸೂಜಿ ತೆಗೆದು ಕೌದಿಯನ್ನು ಮಗುಚಿ ಹಾಕಿ ಹೊಲಿಯಿರಿ. ಸಡಿಲ ಬಟ್ಟೆ ಹಲ್ಲಿನ ಮೇಲೆ ಬಂದಾಗ ಹಲ್ಲೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಎಳೆದುಕೊಳ್ಳುತ್ತದೆ.

ತಂಗಿಯ ಕೌದಿಯಲ್ಲಿದ್ದದ್ದು ಅಂಗೈಯಗಲದ ಉಬ್ಬು. ಇಡೀ ಗೆರೆ ಬಿಚ್ಚಿದರೆ ಸೀರೆ ತಾಳುತ್ತಿರಲಿಲ್ಲ. ಆ ಜಾಗದಲ್ಲಷ್ಟೇ ಹಿಂಬದಿಯಿಂದ ನಾಲ್ಕು ಹೊಲಿಗೆಗೊಂದು ಕತ್ತರಿಸಿ, ಮೇಲಿನ ದಾರವನ್ನು ಮೆಲ್ಲಗೆ ಎತ್ತಿ ತೆಗೆದೆವು. ಹೆಚ್ಚಿನ ಬಟ್ಟೆಯನ್ನು ಒಂದೇ ಚಪ್ಪಟೆ ಮಡಿಕೆ ಮಾಡಿ ಕೈಯಲ್ಲಿ ಹೊಲಿದು, ಅವ್ವನ ಸೀರೆಯದೇ ಸೆರಗಿನ ತುಂಡನ್ನು ಅದರ ಮೇಲೆ ತೇಪೆ ಹಾಕಿದೆವು. ಬೇರೆ ಬಟ್ಟೆಗೆ ತೇಪೆ ಕುಂದು, ಕೌದಿಗೆ ಅದೇ ಚೆಂದ. “ಅಕ್ಕಾ, ಮೊದ್ಲೇ ಹಿಂಗೇ ಇತ್ತೇನೋ ಅನ್ನಂಗೈತಿ” ಎಂದಳು.

ಇನ್ನು ಉಬ್ಬದಂತೆ ನೋಡಿಕೊಳ್ಳುವ ಬಗೆ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ಒಗೆದು ಕುಗ್ಗಿಸಿ. ಸೀರೆಗಳಿಗೆ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಜಾರುವುದಿಲ್ಲ. ತಳದ ಬಟ್ಟೆಯನ್ನು ನೆಲಕ್ಕೆ ಹಾಸಿ ಮೂಲೆಗೊಂದು ಭಾರ ಇಡಿ. ಬಿಗಿಯಾಗಿರಲಿ, ಜಗ್ಗಬೇಡಿ. ಒಂದೊಂದೇ ಪದರ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ನಾಲ್ಕು ಬೆರಳಿಗೊಂದು ಉದ್ದ, ಅಡ್ಡ ಕಚ್ಚಾ ಹೊಲಿಗೆ ಹಾಕಿ. ಬೇಸರದ ಕೆಲಸ ನಿಜ, ಆದರೆ ಮುಂದಿನ ತಲೆನೋವು ಉಳಿಯುವುದು ಇಲ್ಲೇ.

ಮಷಿನ್ನಿಗೆ 16ನೇ ನಂಬರ್ ಸೂಜಿ, ಇಂಚಿಗೆ 8 ಹೊಲಿಗೆ ಸಾಕು. ಪಾದದ ದಂಡದ ನೆತ್ತಿಯ ತಿರುಪನ್ನು ತುಸು ಸಡಿಲಿಸಿದರೆ ಒತ್ತಡ ತಗ್ಗುತ್ತದೆ. ಮೇಲೆಯೂ ಹಲ್ಲಿರುವ ‘ವಾಕಿಂಗ್ ಫುಟ್’ ಈಗ ಸಿಗುತ್ತದೆ. ನಿಮ್ಮ ಮಷಿನ್ನಿಗೆ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಕೌದಿಯ ಭಾರ ಜೋತು ಬೀಳದಂತೆ ಪಕ್ಕಕ್ಕೊಂದು ಕುರ್ಚಿ ಇಟ್ಟುಕೊಳ್ಳಿ.

ಗೆರೆಗಳ ನಡುವಿನ ಅಂತರ ಎಲ್ಲೆಡೆ ಒಂದೇ ಇರಲಿ. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಹೊಲಿದರೆ ವಿರಳವಾದ ಕಡೆ ಉಬ್ಬೇ ಉಬ್ಬುತ್ತದೆ. ಪ್ರತಿ ಗೆರೆ ಮುಗಿದಾಗಲೂ ನಿಲ್ಲಿಸಿ, ಅಂಗೈ ಆಡಿಸಿ ನೋಡಿ. ಒಂದು ಗೆರೆಯ ತಪ್ಪನ್ನು ಐದು ನಿಮಿಷದಲ್ಲಿ ತಿದ್ದಬಹುದು. ಹತ್ತು ಗೆರೆ ದಾಟಿದ ಮೇಲೆ ಹಳೆಯ ಸೀರೆ ಅಷ್ಟು ಸಲೀಸಾಗಿ ತಿದ್ದಿಸಿಕೊಳ್ಳುವುದಿಲ್ಲ.