ಸುಳ್ಳು ಹೇಳಿ ಪಡೆದ ರಜೆ

ಎರಡು ವರ್ಷದ ಹಿಂದೆ ಇಗ್ನೋದಲ್ಲಿ ತತ್ವಶಾಸ್ತ್ರದ ಎಂ.ಎ.ಗೆ ಹೆಸರು ಹಚ್ಚಿದೆ. ಯಾವ ಪದವಿ ಇದ್ದರೂ ನಡೆಯುತ್ತದೆ, ನನ್ನ ಬಿಕಾಂ ಕೂಡ. "ಈ ವಯಸ್ಸಿನ್ಯಾಗ ಪರೀಕ್ಷಾ ಬರದು ಯಾವ ಪ್ರಮೋಷನ್ ತಗೋಳಾವ್ರದೀರಿ?" ಅಂತ ಮನೆಯಾಕೆ ನಕ್ಕಳು. ನೀತಿಶಾಸ್ತ್ರದ ಪೇಪರ್ ಬರುವತನಕ ನನಗೂ ನಗುವೇ ಇತ್ತು.

ಬೆಂಥಾಮ್, ಮಿಲ್ ಪರಿಣಾಮ ನೋಡು ಅನ್ನುತ್ತಾರೆ. ಕಾಂಟ್, ಎಲ್ಲರೂ ಹೀಗೇ ಮಾಡಲಿ ಅಂತ ನೀನು ಬಯಸಬಲ್ಲೆಯಾ ಅನ್ನುತ್ತಾನೆ. ಅರಿಸ್ಟಾಟಲ್, ಇದನ್ನು ಮಾಡಿ ನೀನು ಎಂಥ ಮನುಷ್ಯ ಆಗುತ್ತೀ ಅಂತ ಕೇಳುತ್ತಾನೆ. ನೋಟ್ಸಿನಲ್ಲಿ ಉದಾಹರಣೆ ಬರೆಯಲು ಕೂತರೆ ನನಗೆ ಹೊಳೆದದ್ದು ಒಂದೇ. ಸೂರತ್, ಸೆಪ್ಟೆಂಬರ್ 1994.

ಆಗ ನನಗೆ ಇಪ್ಪತ್ನಾಲ್ಕು. ಪ್ಲೇಗ್ ಬಂತು, ಅದೂ ಕೆಮ್ಮಿನಿಂದ ಹರಡುವಂಥದ್ದು. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆ ಇಲ್ಲ. ಲಕ್ಷಾಂತರ ಜನ ಊರು ಬಿಟ್ಟರು, ಎಷ್ಟೋ ಡಾಕ್ಟರುಗಳೂ ಬಿಟ್ಟರು. ಹೋಗುವವರಿಗೆಲ್ಲ ರೊಕ್ಕ ಬೇಕಲ್ಲ, ಬ್ಯಾಂಕಿನ ಮುಂದೆ ಪಾಳಿ. ಸ್ಟ್ರಾಂಗ್ ರೂಮಿನ ಎರಡು ಕೀಲಿಯಲ್ಲಿ ಒಂದು ನನ್ನ ಹತ್ತಿರ, ಇನ್ನೊಂದು ಹೆಡ್ ಕ್ಯಾಶಿಯರ್ ಹತ್ತಿರ. ತಾಯಿಗೆ ಸೀರಿಯಸ್ ಅಂತ ಹೇಳಿ ನಾನು ಕೀಲಿಯನ್ನು ಮ್ಯಾನೇಜರಿಗೆ ಒಪ್ಪಿಸಿದೆ. ಅವ್ವ ಧಾರವಾಡದಲ್ಲಿ ಆರಾಮಾಗಿ ಶೇಂಗಾ ಸುಲಿಯುತ್ತಿದ್ದಳು. ಮುಂಬಯಿಯಿಂದ ಮುಂದೆ ಬಸ್ಸಿನಲ್ಲಿ ಪಕ್ಕದವನು ಎಲ್ಲಿಂದ ಬಂದಿರಿ ಅಂತ ಕೇಳಿದ್ದಕ್ಕೆ, ಪುಣೆ ಅಂದೆ.

ಕಾಂಟನ ಪ್ರಶ್ನೆಗೆ ಉತ್ತರ ಸುಲಭ ಅನ್ನಿಸಿತು. ಎಲ್ಲರೂ ಹೀಗೇ ಮಾಡಿದರೆ ಏನಾಗುತ್ತದೆ ಅಂತ ಊಹಿಸುವುದೇ ಬೇಡ, ಸೂರತ್ ಸ್ಟೇಷನ್ನಿನಲ್ಲಿ ನಾನು ಕಣ್ಣಾರೆ ನೋಡಿದ್ದೆ. ಮಿಲ್ ಹತ್ತಿರ ಹೋದೆ. ನನ್ನಿಂದ ಅವ್ವನಿಗೆ ಏನೂ ಆಗಲಿಲ್ಲ, ಬಸ್ಸಿನವನಿಗೂ ಆಗಿರಲಿಕ್ಕಿಲ್ಲ. ಹಾಗಾದರೆ ಪಾಸಾದೆನೇ? ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಚರ್ಚಿಸಿದ 'ನೈತಿಕ ಅದೃಷ್ಟ' ಇದೇ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಕಾಗದಪತ್ರ ನೋಡದೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದರೂ ಆಡಿಟರ್ ನಿಮ್ಮನ್ನು ಬಿಡುವುದಿಲ್ಲ.

ಊರಿಂದ ಬಂಧುಗಳು ಬಂದಾಗೆಲ್ಲ ಸಾಬರಮತಿ ಆಶ್ರಮ ತೋರಿಸಲು ಹೋಗುತ್ತೇನೆ. 1928ರಲ್ಲಿ ಅಲ್ಲೊಂದು ಕರು ಉಳಿಯುವ ಆಸೆಯಿಲ್ಲದೆ ನರಳುತ್ತಿತ್ತು. ಗಾಂಧೀಜಿ ಡಾಕ್ಟರರಿಂದ ಇಂಜೆಕ್ಷನ್ ಕೊಡಿಸಿ ಅದರ ಪ್ರಾಣ ತೆಗೆಸಿದರು. ಅಹಿಂಸೆಯ ಮನೆಯಲ್ಲಿ ಗೋಹತ್ಯೆ! ಸಿಟ್ಟಿನ ಪತ್ರಗಳು ಬಂದವು. ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ನಮ್ಮ ಸ್ಟಡಿ ಸೆಂಟರಿನಲ್ಲಿ ಜೋರು ವಾದ ನಡೆಯಿತು. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಅವರು ಅದನ್ನು ಮುಚ್ಚಿಡದೆ 'ನವಜೀವನ'ದಲ್ಲಿ ತಾವೇ ಬರೆದರು.

ಪರೀಕ್ಷೆಯಲ್ಲಿ ಕಾಂಟ್ ಮೇಲೆ ಪ್ರಶ್ನೆ ಬಂದಾಗ ಸೂರತ್ ಬರೆಯಲಿಲ್ಲ. ಪುಸ್ತಕದಲ್ಲಿದ್ದ ಉದಾಹರಣೆಯನ್ನೇ ಬರೆದೆ, ಒಳ್ಳೆ ಅಂಕ ಬಂತು.

ಆಮೇಲೆ ಒಂದು ಭಾನುವಾರ ವಡೋದರಾಕ್ಕೆ ಹೋದೆ. ಅಂದ ಹಾಗೆ, ಮೈಸೂರಿನಲ್ಲಿ ಕುವೆಂಪು ಅವರಿಗೆ ತತ್ವಶಾಸ್ತ್ರ ಕಲಿಸಿದ ಎ.ಆರ್. ವಾಡಿಯಾ ಆಮೇಲೆ ಈ ಊರಿನ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪ್ರೊ ವೈಸ್ ಚಾನ್ಸಲರ್ ಆಗಿದ್ದರು. ನಾನು ಹೋದದ್ದು ಅದಕ್ಕಲ್ಲ. ಆ ಹೆಡ್ ಕ್ಯಾಶಿಯರ್ ಈಗ ಅಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಆವತ್ತು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ರಾತ್ರಿ ಎಂಟರವರೆಗೆ ನೋಟು ಎಣಿಸಿದವರು. ನಿಜ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಗುಜರಾತಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ.

ಚಹಾ ಬಂತು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ಸಾಹೇಬ, ಆವತ್ತು ನಿಮ್ಮ ಬಾಗೆ ಬಹಳ ಸೀರಿಯಸ್ ಇತ್ತಲ್ಲ, ಆಮೇಲೆ ಗುಣ ಆದರಾ?"

"ಆದರು, ಕಾಕಾ" ಅಂದೆ.