ಅರಬೈಲು ಘಟ್ಟದ ಏರಿನಲ್ಲಿ

ಮುಂಬಯಿಯಿಂದ ಉತ್ತರ ಕನ್ನಡಕ್ಕೆ ಹೋಗುವವರಿಗೆ ದಾರಿ ಎರಡು. ಪುಣೆ, ಕೊಲ್ಲಾಪುರ, ಬೆಳಗಾವಿಗಳ ಮೇಲೆ ಹುಬ್ಬಳ್ಳಿಗೆ ಬಂದು ಯಲ್ಲಾಪುರವನ್ನು ಸೇರುವುದು ಒಂದು. ಕೊಂಕಣದ ಕರಾವಳಿಯನ್ನೇ ಹಿಡಿದು, ಗೋವೆ ಕಾರವಾರಗಳನ್ನು ದಾಟಿ, ಅಂಕೋಲೆಯಿಂದ ಘಟ್ಟ ಹತ್ತುವುದು ಇನ್ನೊಂದು. ಮೊದಲನೆಯದು ಬೇಗ ಮುಟ್ಟಿಸುವ ದಾರಿ. ಎರಡನೆಯದು ಕಣ್ಣಿಗೆ ಹಬ್ಬ. ನವರಾತ್ರಿಯ ರಜೆಯಲ್ಲಿ ನಾವು ಎರಡನೆಯದನ್ನೇ ಆರಿಸಿಕೊಂಡೆವು. ತವರಿಗೆ ಹೋಗುವ ಮೊದಲು ಒಮ್ಮೆ ಕಡಲು ನೋಡಬೇಕೆಂದು ಅಮ್ಮ ಹೇಳಿದ್ದಳು.

ಅಮ್ಮನಿಗೆ ಎಂಬತ್ತು ತುಂಬಿದೆ. ಸೊಂಟದ ನೋವಿನಿಂದ ಗಂಟೆಗಿಂತ ಹೆಚ್ಚು ಹೊತ್ತು ಕುಳಿತಿರಲಾರಳು. ಯಲ್ಲಾಪುರದಾಚೆಯ ಅಡಿಕೆ ತೋಟದ ನಡುವಣ ತವರುಮನೆಯನ್ನು ಅವಳು ಕಂಡು ಹನ್ನೊಂದು ವರ್ಷವಾಗಿತ್ತು. ಆದ್ದರಿಂದಲೇ ಮಲಗುವ ಹಾಸಿಗೆ, ಸಣ್ಣ ಒಲೆ, ನೀರಿನ ತೊಟ್ಟಿಗಳಿರುವ ಕ್ಯಾಂಪರ್ ವ್ಯಾನೊಂದನ್ನು ಸಿದ್ಧಮಾಡಿಕೊಂಡು ಹೊರಟಿದ್ದೆವು. ಮಕ್ಕಳು ಅದಕ್ಕೆ ‘ಬಸವನ ಹುಳು’ ಎಂದು ಹೆಸರಿಟ್ಟಿದ್ದರು. ಮನೆಯನ್ನು ಬೆನ್ನ ಮೇಲೆ ಹೊತ್ತು ನಡೆಯುವುದಷ್ಟೆ!

೧೯೩೦ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಲ್ಲಿ ಊಟ ಮುಗಿಸಿ ಪೂರ್ವಕ್ಕೆ ತಿರುಗಿದೆವು. ಅಲ್ಲಿಂದ ದಾರಿಗೆ ಗಂಗಾವಳಿಯ ಜೊತೆ. ಮಳೆ ನಿಂತು ಹೊಳೆ ತಿಳಿಯಾಗುತ್ತಿತ್ತು. ಇದೇ ಹೊಳೆಗೆ ಘಟ್ಟದ ಮೇಲೆ ಬೇಡ್ತಿ ಎಂದು ಹೆಸರು. ಮೇಲೊಂದು ಕೆಳಗೊಂದು ಹೆಸರಾದರೂ ನೀರು ಒಂದೇ ಎಂದು ಅಮ್ಮ ಮಕ್ಕಳಿಗೆ ಹೇಳುತ್ತಿದ್ದಳು. ರಾಮನಗುಳಿ ಹಿಂದಾಯಿತು. ಏರು ತೊಡಗಿತು. ಅರಬೈಲು ಘಟ್ಟದ ಮೊದಲ ತಿರುವುಗಳಲ್ಲೇ ನಮ್ಮ ಬಸವನ ಹುಳು, ಮೂರು ಹೆಜ್ಜೆ ಇಟ್ಟು ನಾಲ್ಕನೆಯದಕ್ಕೆ ಮುಗ್ಗರಿಸುವ ಎತ್ತಿನಂತೆ, ತಡವರಿಸತೊಡಗಿತು. ಎದುರಿನ ಫಲಕದಲ್ಲಿ ಇಂಜಿನಿನ ಹಳದಿ ದೀಪ ಮಿನುಗಿತು.

ವಾಹನ ಇಟ್ಟುಕೊಂಡವರು ಒಂದು ಮಾತು ನೆನಪಿಡಬೇಕು. ಈ ದೀಪ ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲಗೆ ಮೇಸ್ತ್ರಿಯವರೆಗೆ ಹೋಗಬಹುದು. ಮಿನುಗಿದರೆ ಕೂಡಲೇ ಭಾರ ಇಳಿಸಬೇಕು. ಒಂದು ಸಿಲಿಂಡರು ಉರಿಯದಿದ್ದಾಗ ಅದರ ಪೆಟ್ರೋಲು ಹಸಿಯಾಗಿಯೇ ಹೊಗೆಕೊಳವೆಗೆ ಹೋಗುತ್ತದೆ. ಹೊಗೆಯನ್ನು ಶುದ್ಧಿಮಾಡಲು ಅಲ್ಲಿ ಇಟ್ಟಿರುವ ಡಬ್ಬಿಯೊಳಗೆ ಅದು ಉರಿದು, ಡಬ್ಬಿ ಕೆಂಪಗೆ ಕಾದು ಹಾಳಾಗುತ್ತದೆ. ಕೆಳಗೆ ಒಣಹುಲ್ಲಿದ್ದರೆ ಬೆಂಕಿಯ ಭಯವೂ ಉಂಟು.

ನಿಲ್ಲಬೇಕು ನಿಜ, ಆದರೆ ಎಲ್ಲಿ? ಇದೇ ಘಟ್ಟದಲ್ಲಿ ೨೦೨೧ರ ಜುಲೈ ಮಳೆಗೆ ಗುಡ್ಡ ಕುಸಿದು ದಾರಿ ಕಟ್ಟಿತ್ತು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿ ಹಲವರ ಪ್ರಾಣ ಹೋಯಿತು. ಕಡಿದ ಗುಡ್ಡದ ಬುಡದಲ್ಲಿ, ಲಾರಿಗಳು ಇಳಿದು ಬರುವ ತಿರುವಿನಲ್ಲಿ, ನಡೆಯಲಾಗದ ಮುದುಕಿಯನ್ನು ಮಲಗಿಸಿಕೊಂಡು ನಿಲ್ಲುವುದು ಸಲ್ಲದು. ಅಗಲವಾದ ಜಾಗ ಸಿಕ್ಕಲ್ಲಿ ತಿರುಗಿಸಿ, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿದೆವು. ಇಂಜಿನನ್ನು ಆರಿಸಲಿಲ್ಲ, ಅದು ಆರಿದರೆ ಬ್ರೇಕೂ ಸ್ಟೇರಿಂಗೂ ಬಿಗಿಯಾಗುತ್ತವೆ.

ಕೆಳಗೆ ಚಹದ ಅಂಗಡಿ. ಅದರ ಪಕ್ಕದಲ್ಲೇ ತಗಡಿನ ಮಾಡಿನ ಗ್ಯಾರೇಜು. ವ್ಯಾನಿನ ಗ್ಯಾಸು ಬಂದುಮಾಡಿ, ಗಾಲಿಗೆ ಕಲ್ಲು ಕೊಟ್ಟೆವು.

“ಎಂಥ ಆಯ್ತು ಸಾರ್?” ಎನ್ನುತ್ತ ಮೇಸ್ತ್ರಿ ಬಂದರು.

“ಏರು ಬಂದರೆ ಮಿಸ್ ಹೊಡೆಯುತ್ತದೆ. ಸಮತಟ್ಟಿನಲ್ಲಿ ಏನೂ ಇಲ್ಲ.”

ವಾಹನಕ್ಕೆ ಸಿಕ್ಕಿಸಿ ದೋಷದ ಅಂಕೆಯನ್ನು ಓದುವ ಪುಟ್ಟ ಯಂತ್ರವೊಂದು ನಮ್ಮಲ್ಲಿತ್ತು. ಅದು ಪಿ ೦೩೦೩ ಎಂದು ತೋರಿಸಿತು. ಮೂರನೆಯ ಸಿಲಿಂಡರು ಉರಿಯುತ್ತಿಲ್ಲ ಎಂದರ್ಥ. ಮೇಸ್ತ್ರಿಯವರು ತಲೆಯಾಡಿಸಿ, “ಇದು ಯಾರ ಮನೆ ಅಂತ ಹೇಳ್ತದೆ, ಕಳ್ಳ ಯಾರು ಅಂತ ಹೇಳೂದಿಲ್ಲ” ಎಂದರು.

ಅವರ ವಿಚಾರಣೆಯ ಕ್ರಮ ನಮಗೆ ಬಹಳ ಹಿಡಿಸಿತು. ಉರಿಯಲು ಬೇಕಾದವು ಮೂರು: ಸರಿಯಾದ ಗಾಳಿ-ಪೆಟ್ರೋಲು, ಒತ್ತಡ, ಕಿಡಿ. ಪೆಟ್ರೋಲೇ ಕೆಟ್ಟಿದ್ದರೆ ನಾಲ್ಕು ಸಿಲಿಂಡರೂ ದೂರು ಹೇಳಬೇಕಿತ್ತು. ಒತ್ತಡ ಸೋರುತ್ತಿದ್ದರೆ ನಿಂತಲ್ಲೂ ಇಂಜಿನು ನಡುಗಬೇಕಿತ್ತು. ಆದ್ದರಿಂದ ಮೊದಲ ಅನುಮಾನ ಕಿಡಿಯ ಮೇಲೆ. ಮೂರನೆಯ ಕಾಯಿಲನ್ನು ತೆಗೆದು ಎರಡನೆಯದರ ಜಾಗಕ್ಕೂ, ಎರಡನೆಯದನ್ನು ಮೂರನೆಯದಕ್ಕೂ ಹಾಕಿದರು. ದೋಷವೂ ಜೊತೆಗೆ ಹೋದರೆ ಕಾಯಿಲು ಕಳ್ಳ. ಹೋಗದಿದ್ದರೆ ಅದು ನಿರಪರಾಧಿ. ಅಮ್ಮನನ್ನು ಅಂಗಡಿಯ ಬೆಂಚಿನ ಮೇಲೆ ಒರಗಿಸಿ, ಒಂದು ತಿರುವಿನವರೆಗೆ ಹತ್ತಿ ಇಳಿದೆವು. ಮತ್ತೆ ಅದೇ ಅಂಕೆ. ಕಾಯಿಲು ಬಿಡುಗಡೆಯಾಯಿತು.

“ಇನ್ನು ಪ್ಲಗ್ಗು” ಎಂದರು. ಪ್ಲಗ್ಗು ಹೊಚ್ಚ ಹೊಸದು, ಹೊರಡುವ ಮುನ್ನ ಊರಿನ ಗ್ಯಾರೇಜಿನಲ್ಲಿ ನಾಲ್ಕನ್ನೂ ಬದಲಾಯಿಸಿದ್ದಾರೆ ಎಂದೆವು. “ಹೊಸದಾದರೆ ಏನಾಯ್ತು? ಹಾಕಿದ ಕೈ ನೋಡಬೇಕಲ್ಲ!”

ಇಂಜಿನು ತಣಿಯುವವರೆಗೆ ಕಾದೆವು. ಬಿಸಿಯಲ್ಲಿ ಬಿಚ್ಚಿದರೆ ಮರೆ ಕಿತ್ತುಬರುವ ಭಯ. ಪ್ಲಗ್ಗಿನ ಗುಳಿಗೆ ಗಾಳಿ ಊದಿ ಕಸ ತೆಗೆದ ಮೇಲೆ ಬಿಚ್ಚಿದರು. ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಸೀಳು, ಅದರಗುಂಟ ಪೆನ್ಸಿಲಿನಿಂದ ಎಳೆದಂತೆ ಕರಿಗೆರೆ. ಪಾನವನ್ನು ವಾರೆಯಾಗಿ ಹಿಡಿದು ಬಿಗಿದದ್ದರ ಫಲ.

ಸಮತಟ್ಟಿನಲ್ಲಿ ಇಲ್ಲದ ರೋಗ ಏರಿನಲ್ಲಿ ಏಕೆ? ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟು ಬೇಕು. ೧೨ ವೋಲ್ಟಿನ ಬ್ಯಾಟರಿಯಿಂದ ಕಾಯಿಲು ಎಬ್ಬಿಸುವ ಸಾವಿರಾರು ವೋಲ್ಟಿನ ವಿದ್ಯುತ್ತು, ಒಳಗೆ ಹಾರುವ ಬದಲು ಸೀಳಿನ ಸುಲಭದ ದಾರಿಯಲ್ಲಿ ಹೊರಗೇ ಓಡಿಬಿಡುತ್ತದೆ. ನಮ್ಮ ವಿವರಣೆ ಅಮ್ಮನಿಗೆ ಮುಗಿಯುವ ಮೊದಲೇ ತಿಳಿದಿತ್ತು. “ತೋಟದ ಕಾಲುವೆ ಏರಿಗೆ ಏಡಿ ತೂತು ಹೊಡೆದ ಹಾಗೆ. ನೀರು ಕಡಿಮೆ ಇದ್ದಾಗ ಗೊತ್ತಾಗೂದಿಲ್ಲ; ತುಂಬಿ ಬಂದಾಗ ಅಲ್ಲೇ ಹರಿದು ಹೋಗ್ತದೆ” ಎಂದಳು. ಮೇಸ್ತ್ರಿಯವರು ಕೈ ಒರೆಸುತ್ತ, “ಅಜ್ಜಿ ನಮ್ಮ ಕಡೆಯವರೇ ಸೈ” ಎಂದರು.

ಬೇಕಾದ ಪ್ಲಗ್ಗು ಅಲ್ಲಿರಲಿಲ್ಲ. ಅಂಕೋಲೆಯ ಅಂಗಡಿಗೆ ಫೋನು ಮಾಡಿದರು. ಒಂದೂವರೆ ಗಂಟೆಯಲ್ಲಿ ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಪ್ಲಗ್ಗೂ ಅದರ ರಬ್ಬರ್ ಟೊಪ್ಪಿಗೆಯೂ ಬಂದವು. ಹಳೆಯ ಟೊಪ್ಪಿಗೆಯ ಒಳಗೂ ಕರಿಗೆರೆ ಮೂಡತೊಡಗಿತ್ತು. ಅದನ್ನು ಉಳಿಸಿದರೆ ಹೊಸ ಪ್ಲಗ್ಗಿಗೂ ಅದೇ ಗತಿ ಬರಬಹುದಿತ್ತು. ಉಳಿದ ಮೂರು ಪ್ಲಗ್ಗುಗಳನ್ನೂ ಬಿಚ್ಚಿ ನೋಡಿದರು; ಅವು ಸರಿಯಿದ್ದವು. ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಗಷ್ಟೇ ಪಾನ ಹಾಕಿದರು. ನಿಲ್ಲಿಸಿ ನೋಡಿ ‘ಸರಿಯಾಯಿತು’ ಎನ್ನಲಿಲ್ಲ. ಏರಿನ ರೋಗವನ್ನು ಏರಿನಲ್ಲೇ ನೋಡಬೇಕೆಂದು ಮತ್ತೊಮ್ಮೆ ಜೊತೆಗೆ ಹತ್ತಿ ಬಂದರು. ದೀಪ ಮಿನುಗಲಿಲ್ಲ. ಚೀಟಿ ಬರೆದು, ಲೆಕ್ಕದಷ್ಟು ಹಣ ಎಣಿಸಿಕೊಂಡರು.

ಸಂಜೆ ನಾಲ್ಕೂವರೆಗೆ ಘಟ್ಟ ಹತ್ತಿದೆವು. ಸುಮಾರು ೫೪೦ ಮೀಟರು ಎತ್ತರದ ಯಲ್ಲಾಪುರದಲ್ಲಿ ಗಾಳಿ ತಂಪಾಯಿತು. ಕತ್ತಲಾಗುವ ಮೊದಲೇ ತವರಿನ ಅಂಗಳದಲ್ಲಿದ್ದೆವು. ಅಮ್ಮ ವ್ಯಾನಿನಿಂದ ಇಳಿದವಳು ಒಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ಮೆಲ್ಲಗೆ ಬಾವಿಯ ಕಡೆಗೆ ನಡೆದಳು. ಅವಳ ತಮ್ಮ ನೀರು ಸೇದಿ ಕೊಟ್ಟ.

ಮರುದಿನ ಮಾಗೋಡಿಗೆ ಹೋದೆವು. ಹಿಂದಿನ ದಿನ ಕೆಳಗೆ ನಮ್ಮ ಪಕ್ಕದಲ್ಲೇ ಮೆಲ್ಲಗೆ ಹರಿದಿದ್ದ ಹೊಳೆ ಇಲ್ಲಿ ಬೇಡ್ತಿಯಾಗಿ, ಎರಡು ಹಂತಗಳಲ್ಲಿ ಸುಮಾರು ೨೦೦ ಮೀಟರು ಕಂದರಕ್ಕೆ ಧುಮುಕುತ್ತದೆ. ಎದುರಿನ ವೀಕ್ಷಣೆಯ ಜಾಗದಿಂದಲೇ ನೋಡಬೇಕು. ಮಳೆಗಾಲದಲ್ಲಿ ಮಂಜು ಕವಿದರೆ ಸದ್ದು ಮಾತ್ರ ದೊರೆಯುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೀರೂ ಇರುತ್ತದೆ, ಕಣ್ಣಿಗೂ ಕಾಣುತ್ತದೆ. ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹೊರಡುವ ಸಂಘದ ಬಂಧುಗಳು ಈ ದಾರಿಯನ್ನು ಹಿಡಿಯಲಿ. ಅಂಕೋಲೆಯನ್ನು ಮಧ್ಯಾಹ್ನದ ಒಳಗೆ ಬಿಡಲಿ. ಒಂದು ಪ್ಲಗ್ಗು, ಅದಕ್ಕೆ ತಕ್ಕ ಪಾನ, ಒಂದು ಬ್ಯಾಟರಿ ದೀಪ ಜೊತೆಗಿರಲಿ. ಗಾಡಿಯಲ್ಲಿ ಹಿರಿಯರಿದ್ದರೆ ಇನ್ನೂ ಒಂದು ಗಂಟೆ ಮೊದಲೇ ಹೊರಡಲಿ.